ಸದ್ದು ನುಂಗುವ ಕೊಳವೆಯ ಹೊಟ್ಟೆಯೊಳಗೆ

ಬಳಸಿದಷ್ಟೂ ತೂಕ ಏರುವ ಸಲಕರಣೆಗಳು ಕಡಿಮೆ. ಬಂದೂಕಿನ ಸೈಲೆನ್ಸರ್ ಅಂಥದ್ದೊಂದು. ಅಮೆರಿಕದಲ್ಲಿ ಸಣ್ಣ ಗುಂಡಿನ .22 ರೈಫಲ್‌ನಲ್ಲಿ ಗುರಿ ಅಭ್ಯಾಸ ಮಾಡುವ ಅನುಭವಿಗಳು ಹೊಸ ಸೈಲೆನ್ಸರ್ ತಂದ ದಿನವೇ ಅದನ್ನು ತೂಗಿ ಲೆಕ್ಕ ಬರೆದಿಡುತ್ತಾರೆ. ಕೆಲವು ನೂರು ಗುಂಡು ಹಾರಿಸಿದ ಮೇಲೆ ಮತ್ತೆ ತೂಗಿದರೆ ಗ್ರಾಂಗಳು ಹೆಚ್ಚಿರುತ್ತವೆ. ಹೀಗೆ ಸೇರಿಕೊಂಡ ತೂಕದಲ್ಲಿ ದೊಡ್ಡ ಪಾಲು ಸೀಸದ್ದು. ಆ ಸೀಸವನ್ನು ಕೊಳವೆಯಿಂದ ಬಿಡಿಸುವ ದಾರಿಗಳು ಹಲವಾರಿವೆ. ಬಿಡಿಸುವವರ ರಕ್ತಕ್ಕೆ ಅದು ಸೇರದಂತೆ ನೋಡಿಕೊಳ್ಳುವುದೇ ನಿಜವಾದ ಕಷ್ಟ.

ಕುಕ್ಕರನ್ನು ನೆನೆಸಿಕೊಳ್ಳಿ. ಒಲೆಯ ಮೇಲಿರುವಾಗಲೇ ವೆಯ್ಟ್ ಎತ್ತಿದರೆ ಆವಿ ಅಬ್ಬರಿಸಿ ನುಗ್ಗುತ್ತದೆ. ಅದೇ ಆವಿ ನಿಧಾನವಾಗಿ ಹೊರಬಂದರೆ ಬರೀ ಉಸಿರಿನ ಸದ್ದು. ತೋಟಾದೊಳಗಿನ ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡಿನ ಬೆನ್ನಿಗೆ ನಳಿಗೆಯ ಬಾಯಿಂದ ಸಿಡಿಯುವುದೇ ಆ ಢಂ ಸದ್ದು. ಸೈಲೆನ್ಸರ್ ಎಂದರೆ ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಕೊಳವೆ. ಒಳಗೆ ಸಾಲಾಗಿ ತಡೆತಟ್ಟೆಗಳು, ನಡುವೆ ಗುಂಡು ಹಾದುಹೋಗುವಷ್ಟೇ ತೂತು. ಅನಿಲ ಒಂದೊಂದು ಕೋಣೆಯಲ್ಲೂ ಸುತ್ತಿ, ಹರಡಿ, ತಣ್ಣಗಾಗಿ, ತಡವಾಗಿ ಹೊರಬೀಳುತ್ತದೆ. ಮದ್ದಿನ ಅನಿಲದಲ್ಲಿ ಪೂರ್ತಿ ಉರಿಯದ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಇರುತ್ತವೆ. ಮೊದಲ ಗುಂಡಿಗೆ ಮಾತ್ರ ಅವು ಕೊಳವೆಯೊಳಗಿದ್ದ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಇನ್ನೊಮ್ಮೆ ಉರಿಯುತ್ತವೆ. ಹೀಗಾಗಿ ಮೊದಲ ಸದ್ದು ಉಳಿದವಕ್ಕಿಂತ ಜೋರು. ನನಗಂತೂ ಈ ಯಂತ್ರದಲ್ಲಿ ಅತ್ಯಂತ ಚೆಲುವಾದ ಸಂಗತಿ ಇದು.

ಸಿನಿಮಾಗಳಲ್ಲಿ ಕೇಳುವ 'ಪುಸ್' ಸದ್ದು ಸುಳ್ಳು. ದೊಡ್ಡ ರೈಫಲ್‌ನ ಸದ್ದು 160 ಡೆಸಿಬೆಲ್ ಮೀರುತ್ತದೆ. ಸೈಲೆನ್ಸರ್ ಅದರಲ್ಲಿ ಸುಮಾರು 20ರಿಂದ 35 ಡೆಸಿಬೆಲ್ ಇಳಿಸಬಲ್ಲದು, ಅಷ್ಟೇ. ಸೆಕೆಂಡಿಗೆ ಸುಮಾರು 340 ಮೀಟರಿನ ಶಬ್ದವೇಗವನ್ನು ಮೀರಿದ ಗುಂಡು ಗಾಳಿಯನ್ನು ಸೀಳುವಾಗ ಮಾಡುವ ಚಟಾರನೆಯ ಸದ್ದನ್ನಂತೂ ಯಾವ ಕೊಳವೆಯೂ ಅಡಗಿಸಲಾರದು. ಆದರೂ 140 ಡೆಸಿಬೆಲ್ ದಾಟಿದ ಒಂದೇ ಒಂದು ಸಿಡಿತ ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದಾದ್ದರಿಂದ ಈ ಇಳಿತ ಸಣ್ಣದಲ್ಲ. ಸೈಲೆನ್ಸರಿನ ಇತಿಹಾಸದ ಪಕ್ಕದಲ್ಲೂ ಕಿವಿಯ ಕಥೆಯೊಂದಿದೆ. ಮೆಷಿನ್ ಗನ್ ಕಂಡುಹಿಡಿದ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ವರ್ಷಗಟ್ಟಲೆ ತನ್ನದೇ ಬಂದೂಕುಗಳ ಪಕ್ಕ ನಿಂತು ಕಿವುಡಾದ. ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಸೈಲೆನ್ಸರ್‌ಗೆ ಪೇಟೆಂಟ್ ಪಡೆದ. ಮುಂದೆ ಅವನ ಕಂಪನಿ ಎಂಜಿನ್‌ಗಳ ಸದ್ದಡಗಿಸುವ ಕೊಳವೆಗಳನ್ನೂ ತಯಾರಿಸಿತು. ನಮ್ಮ ಗ್ಯಾರೇಜುಗಳಲ್ಲಿ ಬೈಕಿನ ಹೊಗೆಕೊಳವೆಗೂ ಸೈಲೆನ್ಸರ್ ಎಂದೇ ಹೆಸರು.

ಅಮೆರಿಕ 1934ರ ಕಾನೂನಿನಲ್ಲಿ ಬಂದೂಕಿನ ಸೈಲೆನ್ಸರ್ ಮೇಲೆ 200 ಡಾಲರ್ ತೆರಿಗೆ ಹೇರಿ ನೋಂದಣಿ ಕಡ್ಡಾಯ ಮಾಡಿತು. ಫಿನ್ಲೆಂಡ್, ನಾರ್ವೆಗಳಲ್ಲಿ ಬೇಟೆಗಾರರು ಸಲೀಸಾಗಿ ಬಳಸುತ್ತಾರೆ. ಭಾರತದಲ್ಲಿ ಸಾಮಾನ್ಯರು ಇದನ್ನು ಇಟ್ಟುಕೊಳ್ಳುವಂತಿಲ್ಲ.

ಈಗ ಕೊಳೆಯ ವಿಷಯ. ಅನಿಲದ ವೇಗವನ್ನು ಕಸಿದುಕೊಂಡರೆ ಅದು ಹೊತ್ತು ತಂದದ್ದೆಲ್ಲ ಅಲ್ಲೇ ಉದುರುತ್ತದೆ, ಹೊಳೆ ಅಣೆಕಟ್ಟಿನ ಹಿಂದೆ ಹೂಳು ಬಿಡುವ ಹಾಗೆ. ಮಸಿ ಇರುತ್ತದೆ, ಅರೆಬೆಂದ ಮದ್ದಿನ ಕಣಗಳಿರುತ್ತವೆ. ಜೊತೆಗೆ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತ ಇರುತ್ತದೆ. .22 ತೋಟಾಗಳ ಗುಂಡೇ ಬಹುಮಟ್ಟಿಗೆ ಬರಿಯ ಸೀಸ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಉರಿಯುವ ಮದ್ದಿನ ಬಿಸಿಗೆ ಅದು ಏನೇನೂ ಅಲ್ಲ. ಗುಂಡಿನ ಮೈಯಿಂದ ಸವೆದು ಕರಗಿದ ಸೀಸ ತಟ್ಟೆಗಳ ಮೇಲೆ ಪದರಪದರವಾಗಿ ಕಿಟ್ಟ ಕಟ್ಟುತ್ತದೆ. ಬಿಟ್ಟರೆ ತಟ್ಟೆಗಳು ಕೊಳವೆಗೆ ಬೆಸುಗೆ ಹಾಕಿದಂತೆ ಅಂಟಿಕೊಳ್ಳುತ್ತವೆ. ಆದ್ದರಿಂದಲೇ .22 ಸೈಲೆನ್ಸರ್‌ಗಳನ್ನು ಬಿಚ್ಚಿ ಜೋಡಿಸುವಂತೆ ಮಾಡಿರುತ್ತಾರೆ. ತಾಮ್ರದ ಕವಚವಿರುವ ಗುಂಡಿನ ದೊಡ್ಡ ರೈಫಲ್‌ಗಳಲ್ಲಿ ಒತ್ತಡವೂ ಬಿಸಿಯೂ ಹೆಚ್ಚು, ಕೊಳೆಯ ಬಹುಪಾಲನ್ನು ಅವೇ ಊದಿಬಿಡುತ್ತವೆ. ಅವುಗಳ ಸೈಲೆನ್ಸರ್‌ಗಳಿಗೆ ಮುಚ್ಚಿದ ಮೈ, ಬಿಚ್ಚುವ ಅಗತ್ಯವೂ ಅಪರೂಪ. ಅವಕ್ಕೆ ಹೆಚ್ಚಿನ ಶತ್ರು ನೀರು. ಮದ್ದು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಚಳಿನಾಡಿನ ಬೇಟೆಗಾರರು ಮನೆ ಸೇರಿದೊಡನೆ ಸೈಲೆನ್ಸರನ್ನು ನಳಿಗೆಯಿಂದ ಕಳಚಿ ಬೇರೆಯಾಗಿ ಒಣಗಲು ಇಡುವುದು ಇದಕ್ಕೇ. ಮರೆತರೆ ತೇವ ನಳಿಗೆಗೆ ಇಳಿದು ತುಕ್ಕು ಹಿಡಿಸುತ್ತದೆ.

ಶುಚಿ ಮಾಡುವ ಕೆಲಸ ಬಂದೂಕಿನಿಂದ ಶುರುವಾಗಬೇಕು. ತೋಟಾಗಳನ್ನೆಲ್ಲ ತೆಗೆದು, ನಳಿಗೆಯ ಹಿಂಬದಿಯ ಗೂಡು ಖಾಲಿಯೆಂದು ಕಣ್ಣಲ್ಲೂ ಬೆರಳಲ್ಲೂ ಖಚಿತಪಡಿಸಿಕೊಂಡು, ಕೊಳವೆ ಪೂರ್ತಿ ಆರಿದ ಮೇಲಷ್ಟೇ ಅದನ್ನು ಬಿಚ್ಚಬೇಕು. ಒಣಗಿದ ಕಿಟ್ಟವನ್ನು ಕೆರೆಯಬಾರದು, ಬಾಯಿಂದಲೋ ಪಂಪಿನಿಂದಲೋ ಊದಬಾರದು. ಹಾಗೆ ಎದ್ದ ಧೂಳು ನೇರ ಶ್ವಾಸಕೋಶಕ್ಕೆ. ದ್ರಾವಣದಲ್ಲಿ ನೆನೆಸಿ, ಒದ್ದೆಯಾಗಿಯೇ ಉಜ್ಜಬೇಕು. ಕೈಗೆ ನೈಟ್ರೈಲ್ ಗವಸು, ಮೂಗಿಗೆ ಸೂಕ್ಷ್ಮ ಕಣ ತಡೆಯುವ ಮುಖಗವಸು, ಕಣ್ಣಿಗೆ ಕನ್ನಡಕ.

ಯಾವ ದ್ರಾವಣ ಎನ್ನುವುದನ್ನು ಲೋಹ ನಿರ್ಧರಿಸುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆ ಹುಳಿ ಬಿಡಬೇಡಿ ಎಂದು ಅಜ್ಜಿಯರು ಹೇಳುತ್ತಿದ್ದುದು ರಸಾಯನಶಾಸ್ತ್ರವೇ: ಆ ಲೋಹವನ್ನು ಕಾಯುವ ಆಕ್ಸೈಡ್ ಪೊರೆಯನ್ನು ಆಮ್ಲ ತಿನ್ನುತ್ತದೆ, ಕ್ಷಾರವೂ ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಟೈಟಾನಿಯಂ ತಟ್ಟೆಗಳು ತಡೆದುಕೊಳ್ಳುವ ಶುಚಿಕಾರಕ ಅಲ್ಯೂಮಿನಿಯಂ ತಟ್ಟೆಯನ್ನು ಗುಳಿಗುಳಿಯಾಗಿಸಬಹುದು. ತಯಾರಕರು ಕೊಟ್ಟ ಪುಸ್ತಿಕೆಯನ್ನು ಮೀರದಿರುವುದು ಒಳ್ಳೆಯದು.

ಶೂಟರ್‌ಗಳ ನಡುವೆ ಹಬ್ಬಿರುವ ಒಂದು ಉಪಾಯದ ಬಗ್ಗೆ ಮಾತ್ರ ನನಗೆ ನಿಜಕ್ಕೂ ಆತಂಕವಿದೆ. ಅವರು ಅದನ್ನು 'ಡಿಪ್' ಎನ್ನುತ್ತಾರೆ: ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ತಟ್ಟೆಗಳನ್ನು ಮುಳುಗಿಸುವುದು. ಸೀಸ ಕಣ್ಣೆದುರೇ ನೊರೆಯೆದ್ದು ಕರಗುತ್ತದೆ, ಲೋಹ ಫಳಫಳ. ಆದರೆ ಕರಗಿದ ಸೀಸ ಎಲ್ಲಿಗೂ ಹೋಗಿಲ್ಲ. ಪೆರಾಕ್ಸೈಡ್ ಅದನ್ನು ಉತ್ಕರ್ಷಿಸಿದೆ, ವಿನೆಗರಿನ ಅಸಿಟಿಕ್ ಆಮ್ಲ ಹಿಡಿದುಕೊಂಡಿದೆ, ಪಾತ್ರೆಯಲ್ಲಿ ಲೆಡ್ ಅಸಿಟೇಟ್ ತಯಾರಾಗಿದೆ. ನೀರಿನಲ್ಲಿ ಸಲೀಸಾಗಿ ಕರಗುವ, ನಾಲಿಗೆಗೆ ಸಿಹಿಯಾದ ಈ ಲವಣಕ್ಕೆ ಹಳೆಯ ಹೆಸರು 'ಸೀಸದ ಸಕ್ಕರೆ'. ಪ್ರಾಚೀನ ರೋಮನರು ದ್ರಾಕ್ಷಿರಸವನ್ನು ಸೀಸದ ಪಾತ್ರೆಗಳಲ್ಲಿ ಕುದಿಸಿದಾಗ ಆ ಪಾಕಕ್ಕೆ ಇಳಿಯುತ್ತಿದ್ದುದೂ ಇದೇ. ಲೋಹದ ಚೂರಾಗಿದ್ದಾಗಿನಕ್ಕಿಂತ ಈ ರೂಪದಲ್ಲಿ ಸೀಸ ಬಹಳ ಸುಲಭವಾಗಿ ರಕ್ತ ಸೇರುತ್ತದೆ. ಅದನ್ನು ಸಿಂಕಿಗೆ ಸುರಿದರೆ ಊರ ನೀರಿಗೆ ಸುರಿದಂತೆ. ಕೊಳೆ ತೆಗೆಯಲು ಹೋಗಿ ಅದಕ್ಕಿಂತ ಕೆಟ್ಟದ್ದನ್ನು ತಯಾರಿಸುವ ಈ ದಾರಿಯನ್ನು ಬಿಟ್ಟೇಬಿಡಬೇಕು. ಬೇರೆ ವಿಧಾನಗಳಲ್ಲೂ ಉಳಿಯುವ ಬಗ್ಗಡವನ್ನು ಮುಚ್ಚಳ ಭದ್ರವಾದ ಡಬ್ಬಿಯಲ್ಲಿ ತುಂಬಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಒಪ್ಪಿಸಬೇಕು.

ಜೋಡಿಸುವಾಗ ತಟ್ಟೆಗಳ ಕ್ರಮ ತಪ್ಪಿದರೆ, ತಿರುಪು ಸಡಿಲವಾಗಿದ್ದರೆ, ಗುಂಡು ತೂತಿನ ಅಂಚಿಗೆ ಬಡಿದು ಕೊಳವೆಯೇ ಸಿಡಿಯಬಹುದು. ಖಾಲಿ ಬಂದೂಕಿನ ನಳಿಗೆಯಲ್ಲಿ ನೇರವಾದ ಅಳತೆ ಕಡ್ಡಿ ತೂರಿಸಿ, ತೂತಿನ ನಟ್ಟನಡುವೆ ಬರುವುದನ್ನು ನೋಡಿಕೊಳ್ಳುತ್ತಾರೆ.

ಸೀಸದ ವಿಷಯದಲ್ಲಿ ಇಷ್ಟೆಲ್ಲ ಎಚ್ಚರ ಏಕೆಂದರೆ, ದೇಹ ಅದನ್ನು ಕ್ಯಾಲ್ಸಿಯಂ ಎಂದು ಭ್ರಮಿಸಿ ಮೂಳೆಗೆ ಸೇರಿಸಿಕೊಳ್ಳುತ್ತದೆ. ಅಲ್ಲಿ ಅದು ದಶಕಗಳ ಕಾಲ ಕೂತಿರುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ರಕ್ತಕ್ಕಿಳಿದರೆ ಮಕ್ಕಳಲ್ಲಿ ಅರ್ಧದಷ್ಟು ಇಳಿಯಬಹುದು. ಸುರಕ್ಷಿತ ಎನ್ನಬಹುದಾದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಎಚ್ಚರವನ್ನು ನಮ್ಮ ದೇಶದಲ್ಲಿ ಹಬ್ಬಿಸಿದವರಲ್ಲಿ ಮುಖ್ಯರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್. 2000ದಲ್ಲಿ ಭಾರತದ ಪೆಟ್ರೋಲಿನಿಂದ ಸೀಸ ಹೊರಬಿದ್ದ ಮೇಲೂ ಬಣ್ಣ, ಬ್ಯಾಟರಿಗಳ ಸೀಸದ ಬಗ್ಗೆ ಅವರು ಹೇಳುತ್ತಲೇ ಬಂದರು.

ಸೈಲೆನ್ಸರ್ ನಮ್ಮ ಮನೆಗಳಲ್ಲಿ ಇರದಿದ್ದರೂ ಕೋವಿ ಇದೆ. ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿಗಳನ್ನು ಇಳಿಸಿ, ಒರೆಸಿ, ತೋಕ್‌ಪೂ ಹೂವಿನಿಂದ ಸಿಂಗರಿಸುತ್ತಾರೆ. ಸೀಸದ ಚರೆ ಹಾದ ನಳಿಗೆಯಿಂದ ಬರುವ ಕಪ್ಪು ಬಟ್ಟೆಗೂ ಇದೇ ಮಾತು ಸಲ್ಲುತ್ತದೆ. ಅದನ್ನು ಜಗಲಿಯಲ್ಲಿ ಮಕ್ಕಳ ನಡುವೆ ಕೂತು ಎಳೆಯುವುದು ಬೇಡ. ಬಟ್ಟೆ ಅಡುಗೆಮನೆಗೆ ವಾಪಸ್ ಹೋಗದಿರಲಿ, ತೊಟ್ಟ ಅಂಗಿ ಮನೆಯವರ ಬಟ್ಟೆಯೊಂದಿಗೆ ನೆನೆಯದಿರಲಿ. ಕೈಯನ್ನು ಮೊಣಕೈವರೆಗೆ, ಉಗುರಿನ ಸಂದಿಯನ್ನೂ ಬಿಡದೆ, ಸೋಪು ಹಚ್ಚಿ ತೊಳೆದು ಆಮೇಲೆ ಊಟಕ್ಕೆ ಕೂರಬೇಕು.