ದಿಕ್ಕು ನೋಡಿ, ಟೈಮ್ ನೋಡಿ, ಆಮೇಲೆ ಕಲ್ಲು ನೋಡಿ

ಕಾಡಿನೊಳಗಿನ ಸ್ಕಲ್ಪ್ಚರ್ ಪಾರ್ಕ್ ಅಂದ್ರೆ ನಮಗೆ ನೆನಪಾಗೋದು ಹೊರದೇಶ. ಇಂಗ್ಲೆಂಡಿನ ಗ್ರೈಜ್‌ಡೇಲ್ ಕಾಡಿನಲ್ಲಿ 1977ರಿಂದ ಕಲಾವಿದರು ಮರ, ಕಲ್ಲಿನಲ್ಲಿ ಶಿಲ್ಪ ಮಾಡಿ ಮರಗಳ ಮಧ್ಯೆಯೇ ಬಿಟ್ಟು ಬಂದಿದ್ದಾರೆ. ಮಳೆ, ಪಾಚಿ ಏನು ಮಾಡುತ್ತೋ ಮಾಡಲಿ ಅನ್ನೋದೇ ಅಲ್ಲಿನ ಐಡಿಯಾ. ನಮ್ಮಲ್ಲಿ ಈ ಕೆಲಸ ಸಾವಿರ ವರ್ಷದಿಂದ ನಡೆದಿದೆ, ಆದರೆ ನಾವು ಅದನ್ನ ಪಾರ್ಕ್ ಅಂತ ಕರೆದಿಲ್ಲ ಅಷ್ಟೇ. ಹೊಲದ ಬದು, ಕೆರೆ ಏರಿ, ಕಾಡಂಚಿನ ಹುಣಸೆ ಮರದ ಬುಡ, ಹೀಗೆ ಎಲ್ಲೆಂದರಲ್ಲಿ ನಿಂತಿರೋ ವೀರಗಲ್ಲುಗಳೇ ನಮ್ಮ ಬಯಲು ಶಿಲ್ಪಗಳು. ಕರ್ನಾಟಕದಲ್ಲಿ ಇಂಥವು ಸಾವಿರಾರು ಇವೆ.

ಈ ಲೇಖನ ಅವನ್ನ ನೋಡೋದು ಹೇಗೆ ಅನ್ನೋದರ ಬಗ್ಗೆ. ಯಾಕಂದ್ರೆ ಸುಮ್ಮನೆ ಹೋಗಿ ನಿಂತರೆ ಹೆಚ್ಚಿನವು ಕಾಣಿಸೋದೇ ಇಲ್ಲ!

ವೀರಗಲ್ಲನ್ನ ಕೆಳಗಿನಿಂದ ಓದಬೇಕು

ಸಾಮಾನ್ಯವಾಗಿ ಒಂದು ವೀರಗಲ್ಲಿನಲ್ಲಿ ಮೂರು ಅಂಕಣ ಇರುತ್ತೆ. ಕೆಳಗಿನದರಲ್ಲಿ ಹೋರಾಟ: ದನ ಕದಿಯೋಕೆ ಬಂದವರ ಜೊತೆ, ಊರ ಮೇಲೆ ಬಿದ್ದ ಸೈನ್ಯದ ಜೊತೆ, ಇಲ್ಲಾ ಹುಲಿ, ಹಂದಿ ಜೊತೆ. ಮಧ್ಯದಲ್ಲಿ ಸತ್ತ ವೀರನನ್ನ ಅಪ್ಸರೆಯರು ಮೇಲಕ್ಕೆ ಕರೆದುಕೊಂಡು ಹೋಗ್ತಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ. ಅವು ಇರೋವರೆಗೂ ಇವನ ಹೆಸರು ಇರಲಿ ಅಂತ. ಬರಹ ಇದ್ದರೆ ಅಂಕಣಗಳ ನಡುವಿನ ಪಟ್ಟಿಯಲ್ಲಿ ಹುಡುಕಿ.

ವೀರ ಅಂದ್ರೆ ಮನುಷ್ಯನೇ ಆಗಬೇಕಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಹತ್ತನೇ ಶತಮಾನದ ಕಲ್ಲು, ಕಾಡುಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿನದು. ಅದು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಹರದನಹಳ್ಳಿ ಹತ್ರದ ಒಂದು ಕಲ್ಲು

ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಹರದನಹಳ್ಳಿ. ಹೊರಗಿನವರು ಬರೋದು ದಿವ್ಯಲಿಂಗೇಶ್ವರ ದೇವಸ್ಥಾನಕ್ಕೆ, ಅಥವಾ ತೋಂಟದ ಸಿದ್ಧಲಿಂಗರು ಹುಟ್ಟಿದ ಊರು ಅಂತ. ನನ್ನ ಅಜ್ಜಿ ಊರು ಅಲ್ಲೇ ಪಕ್ಕ. ಕಳೆದ ಡಿಸೆಂಬರಲ್ಲಿ ಸೆಮಿಸ್ಟರ್ ಎಕ್ಸಾಂ ಮುಗಿಸಿ ಸಿವಿಲ್ ಬ್ರಾಂಚಿನ ಇಬ್ಬರು ಗೆಳೆಯರ ಜೊತೆ ಹೋಗಿದ್ದೆ. ಊರಾಚೆ ದಾರಿ ಪಕ್ಕ ಸೊಂಟದೆತ್ತರದ ಒಂದು ಕಲ್ಲಿದೆ, ಅದರಲ್ಲಿ ಅಕ್ಷರ ಇಲ್ಲ. ಮಧ್ಯಾಹ್ನ ನೋಡಿದರೆ ಎಣ್ಣೆ ಹತ್ತಿದ ಬರೀ ಚಪ್ಪಡಿ. ಅಜ್ಜಿ ಹೇಳಿದ್ದು ಇಷ್ಟೇ: “ಅದ್ಕ ಕಾಲ್ ತಾಗಿಸ್ಬೇಡ ಕಣ್ ಮಗ, ಹುಲಿ ಹೊಡ್ದು ಸತ್ತವ್ನು ಅವ್ನು.”

ಕಲ್ಲಿನಿಂದ ಒಂದು ಮಾರು ಆಚೆ ರಸ್ತೆ ಅಗಲ ಮಾಡೋಕೆ ಗೂಟ ನೆಟ್ಟಿದ್ದರು. ಕಲ್ಲು ಗೂಟದ ಒಳಗಡೆ ಇತ್ತು. ಅದನ್ನ ಎತ್ತಿ ಎಲ್ಲಿಡ್ತಾರೆ ಅಂತ ಕೇಳಿದರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ಬಿ.ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 4ನೇ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ಪರಿಷ್ಕರಿಸಿದ ಸಂಪುಟಗಳನ್ನೂ ತಂದಿದೆ. ಆದರೆ ಅವು ಶಾಸನಗಳ ಪುಸ್ತಕ. ಅಕ್ಷರ ಇರೋ ಕಲ್ಲಿಗೆ ಅಲ್ಲಿ ನಂಬರ್ ಸಿಗುತ್ತೆ, ಬರೀ ಚಿತ್ರ ಇರೋ ಕಲ್ಲಿಗೆ ಸಿಗಲ್ಲ. ಅಂಥ ಕಲ್ಲು ಹೋದರೆ, ಅದು ಇತ್ತು ಅನ್ನೋದಕ್ಕೆ ಸಾಕ್ಷಿ ಅಜ್ಜಿಯಂಥವರ ಒಂದು ಮಾತು ಮಾತ್ರ.

ಚಳಿಗಾಲದ ಬಿಸಿಲು ಏನು ಮಾಡುತ್ತೆ?

ಸವೆದ ಕೆತ್ತನೆ ಕಾಣಬೇಕಾದರೆ ಬೆಳಕು ಜಾಸ್ತಿ ಬೇಕಿಲ್ಲ, ಓರೆಯಾಗಿ ಬೀಳಬೇಕು. ಲೆಕ್ಕ ತುಂಬಾ ಸಿಂಪಲ್: ನೆರಳಿನ ಉದ್ದ ಅಂದ್ರೆ ಉಬ್ಬಿನ ಎತ್ತರವನ್ನ ಬೆಳಕಿನ ಕೋನದ ಟ್ಯಾನ್‌ನಿಂದ ಭಾಗಿಸಿದ್ದು. ಕಲ್ಲಿನ ಮೈಗೆ 60 ಡಿಗ್ರಿಯಲ್ಲಿ ಬೆಳಕು ಬಿದ್ದರೆ 1 ಸೆಂ.ಮೀ. ಉಬ್ಬಿಗೆ ಬರೀ 0.6 ಸೆಂ.ಮೀ. ನೆರಳು. ಅದೇ 24 ಡಿಗ್ರಿಯಲ್ಲಿ ಬಿದ್ದರೆ 2 ಸೆಂ.ಮೀ.ಗಿಂತ ಜಾಸ್ತಿ.

ಈ 24 ಡಿಗ್ರಿಯನ್ನ ನಾನು ಸುಮ್ಮನೆ ತೆಗೆದುಕೊಂಡಿದ್ದಲ್ಲ. ಚಾಮರಾಜನಗರ ಇರೋದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟೋದು ನೇರ ಪೂರ್ವದಲ್ಲಲ್ಲ, ಅಲ್ಲಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿರೋ ಕಲ್ಲನ್ನ ಬೆಳಗಿನ ಬಿಸಿಲು ಪಕ್ಕದಿಂದ ಸವರಿಕೊಂಡು ಹೋಗುತ್ತೆ. ಉಳಿದ ದಿಕ್ಕುಗಳಿಗೆ ಚಳಿಗಾಲದ ಟೈಮ್‌ಟೇಬಲ್ ಹೀಗಿದೆ:

ದಕ್ಷಿಣಕ್ಕೆ ಮುಖ: ಬೆಳಗ್ಗೆ 7ರಿಂದ 8.30.
ಪೂರ್ವಕ್ಕೆ ಮುಖ: 11ರಿಂದ 12. ಬೆಳಗ್ಗೆ ಬೇಗ ಹೋದರೆ ಬಿಸಿಲು ನೇರ ಮುಖಕ್ಕೆ ಹೊಡೆದು ಎಲ್ಲಾ ಚಪ್ಪಟೆ ಕಾಣುತ್ತೆ.
ಪಶ್ಚಿಮಕ್ಕೆ ಮುಖ: ಮಧ್ಯಾಹ್ನ 12.45ರಿಂದ 1.45.
ಉತ್ತರಕ್ಕೆ ಮುಖ: ಚಳಿಗಾಲದಲ್ಲಿ ನೇರ ಬಿಸಿಲೇ ಇಲ್ಲ. ಮೇ, ಜೂನ್ ಬೆಳಗ್ಗೆ ಬನ್ನಿ, ಇಲ್ಲಾ ರಾತ್ರಿ ಟಾರ್ಚ್ ತನ್ನಿ.

ಅಜ್ಜಿ ಊರಿನ ಕಲ್ಲು ದಕ್ಷಿಣಕ್ಕೆ ಮುಖ ಮಾಡಿತ್ತು. ಮಾರನೇ ದಿನ ಇಬ್ಬನಿ ಆರೋ ಮುಂಚೆ ಹೋದ್ವಿ. ಏಳೂಕಾಲಕ್ಕೆ ಮೊದಲು ಬೆನ್ನ ಮೇಲೆ ಸುತ್ತಿದ ಬಾಲ ಕಾಣಿಸಿತು, ಆಮೇಲೆ ಹುಲಿಯ ಎತ್ತಿದ ಪಂಜ, ಅದರ ಎದೆಗೆ ಚುಚ್ಚಿದ ಈಟಿ. ವೀರನ ಕಾಲ ಹಿಂದೆ ಇನ್ನೊಂದು ಸಣ್ಣ ಪ್ರಾಣಿ, ಕಿವಿ ನಿಮಿರಿಸಿಕೊಂಡು. ಬೇಟೆನಾಯಿ ಇರಬೇಕು. ಅಜ್ಜಿ ಕಥೆಯಲ್ಲಿ ನಾಯಿ ಇರಲಿಲ್ಲ. ಫೋಟೋ ತೋರಿಸಿದಾಗ ತುಂಬಾ ಹೊತ್ತು ನೋಡಿ, “ಅದೂ ಸತ್ತಿತ್ತೇನೋ, ಪಾಪ” ಅಂದರು.

ಕಲ್ಲು ಸವೆಯೋದು ಯಾಕೆ?

ಚಾಮರಾಜನಗರ ಅಂದ ಕೂಡಲೇ ಎಲ್ಲರಿಗೂ ಗೊತ್ತಿರೋದು ಕರಿಕಲ್ಲು. ಅದು ಡಾಲರೈಟ್: ಕಣ ಸಣ್ಣದು, ಕನ್ನಡಿ ಥರ ಪಾಲಿಶ್ ಬರುತ್ತೆ. ಹಳೇ ವೀರಗಲ್ಲು ಎಷ್ಟೋ ಕಡೆ ಊರಲ್ಲೇ ಸಿಗೋ ಒರಟು ಕಣದ ಕಲ್ಲಿನದು. ಅದರಲ್ಲಿರೋ ಫೆಲ್ಡ್‌ಸ್ಪಾರ್ ನಿಧಾನಕ್ಕೆ ಜೇಡಿಯಾಗುತ್ತೆ, ಕಣ ಉದುರುತ್ತೆ. ಮೊದಲು ಹೋಗೋದು ಕಣ್ಣು, ಬೆರಳು, ಸಣ್ಣ ಗೆರೆ. ಕಲ್ಲಿನ ಮೇಲೆ ಬೆಳೆಯೋ ಕಲ್ಲುಹೂವಿನ ಜಾತಿಯ ಜೀವಿಗಳೂ ಆಮ್ಲ ಬಿಟ್ಟು ಮೈ ತಿನ್ನುತ್ತವೆ. ಹಾಗಂತ ತಂತಿ ಬ್ರಷ್, ಆಸಿಡ್ ಹಾಕಿ ಉಜ್ಜಿದರೆ ನೂರು ವರ್ಷದ ಸವೆತ ಒಂದೇ ದಿನದಲ್ಲಿ ಆಗುತ್ತೆ. ಎನಾಮೆಲ್ ಪೇಂಟ್ ಬಳಿದರೆ ಸಣ್ಣ ಗೆರೆಗಳೆಲ್ಲಾ ಮುಚ್ಚಿಹೋಗ್ತವೆ.

ವಾಷಿಂಗ್ಟನ್‌ನ ವಿಯೆಟ್ನಾಂ ಸ್ಮಾರಕದ ಕರಿಕಲ್ಲಿನ ಗೋಡೆ ಕೇಳಿದ್ದೀರಾ? ಸತ್ತ 58,000ಕ್ಕೂ ಹೆಚ್ಚು ಯೋಧರ ಹೆಸರು ಅದರ ಮೇಲಿದೆ. 1982ರಲ್ಲಿ ಮುಗಿದ ಆ ಗೋಡೆಗೆ ಕಲ್ಲು ಹೋಗಿದ್ದು ನಮ್ಮ ಬೆಂಗಳೂರು ಕಡೆಯಿಂದ. ಡಿಸೈನ್ ಮಾಡಿದ ಮಾಯಾ ಲಿನ್ ಆಗ 21 ವರ್ಷದ ಸ್ಟೂಡೆಂಟ್. ಒಂದು ಲೆಕ್ಕದಲ್ಲಿ ಅದೂ ವೀರಗಲ್ಲೇ. ಅಲ್ಲಿ ಪ್ರತಿ ಹೆಸರಿಗೂ ದಾಖಲೆ ಇದೆ, ನಮ್ಮ ದಾರಿ ಪಕ್ಕದವನಿಗೆ ಹೆಸರೂ ಇಲ್ಲ, ಫೋಟೋನೂ ಇರಲಿಲ್ಲ.

ನಾವು ಮಾಡಬಹುದಾದದ್ದು

ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಿದೆ. ನಮ್ಮ ಹತ್ರ ಸ್ಕ್ಯಾನರ್ ಇಲ್ಲದಿದ್ದರೂ ಫೋನ್ ಇದೆ. ಫೋನನ್ನ ಸ್ಟ್ಯಾಂಡಿನಲ್ಲಿ ಅಲ್ಲಾಡದ ಹಾಗೆ ಇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನ ಕಲ್ಲಿನ ಮೈಗೆ ಓರೆಯಾಗಿ ಹಿಡಿದು, ಗಡಿಯಾರದ ಮುಳ್ಳಿನ ಥರ 12 ಕಡೆಯಿಂದ 12 ಫೋಟೋ ತೆಗೆಯಿರಿ. ತ್ರೀಡಿ ಮಾಡೆಲ್ ಬೇಕಾದರೆ ಹಗಲಲ್ಲಿ ಸುತ್ತಾ ನಡೆಯುತ್ತಾ ಫೋಟೋ ತೆಗೆಯಿರಿ, ಒಂದು ಇನ್ನೊಂದರ ಮೇಲೆ ಮುಕ್ಕಾಲು ಪಾಲು ಬರೋ ಹಾಗೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ದಿಕ್ಕು, ಲೊಕೇಶನ್, ಊರವರು ಹೇಳೋ ಕಥೆ ಬರೆದುಕೊಳ್ಳಿ. ಹೊಲ ಯಾರದೋ ಅವರನ್ನ ಕೇಳಿ ಹೋಗಿ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗಿನ ಕಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ.

ನಾವು ನಮ್ಮ ಕಲ್ಲಿನ ಫೋಟೋ, ಅಳತೆ ಎಲ್ಲಾ ಪ್ರಿಂಟ್ ಹಾಕಿಸಿ, ಇದನ್ನ ಒಡೆಯದೆ ಹುಣಸೆ ಮರದ ಕೆಳಗೆ ಇದೇ ದಿಕ್ಕಿಗೆ ನಿಲ್ಲಿಸಿ ಅಂತ ಅರ್ಜಿ ಬರೆದು ಪಂಚಾಯ್ತಿಗೆ ಕೊಟ್ಟಿದ್ದೀವಿ. ಉತ್ತರ ಇನ್ನೂ ಬಂದಿಲ್ಲ. ಸಂಕ್ರಾಂತಿಗೆ ನೀವೂ ಊರಿಗೆ ಹೋಗ್ತೀರಲ್ಲ, ಆಗಲೂ ಬಿಸಿಲು ಹೀಗೇ ಓರೆಯಾಗಿರುತ್ತೆ. ನಿಮ್ಮೂರ ಕಲ್ಲು ಯಾವ ದಿಕ್ಕಿಗಿದೆ ನೋಡಿ, ಅದರ ಟೈಮಿಗೆ ಹೋಗಿ, ಫೋಟೋ ನಮ್ಮ ಕನ್ನಡ ಸಂಘಕ್ಕೆ ಕಳಿಸಿ.