ಗಾಡಿಯೊಳಗೊಬ್ಬ ಲೆಕ್ಕಿಗ

ಕಳೆದ ತಿಂಗಳ ಒಂದು ಭಾನುವಾರ ನಮ್ಮ ವಾಚನಾಲಯಕ್ಕೆ ಬಂದ ಗೆಳೆಯರೊಬ್ಬರು ಪತ್ರಿಕೆಯನ್ನು ಬದಿಗಿರಿಸಿ, ಜೇಬಿನಿಂದ ಒಂದು ಕಾಗದ ತೆಗೆದು ನಮ್ಮ ಮುಂದಿಟ್ಟರು. ಅವರು ನಮ್ಮ ಗಿರಣಿಯಲ್ಲಿ ಎರಡನೆಯ ಪಾಳಿಯವರು. ಸಾಲ ಮಾಡಿ ಕೊಂಡ ಹಳೆಯ ಕಾರೊಂದು ಅವರಲ್ಲಿದೆ. ಅದರ ವಿಮೆಯ ಅವಧಿ ಮುಗಿಯುತ್ತಲಿತ್ತು. “ಮೊಬೈಲಿನಲ್ಲಿ ಕಂಪನಿಯ ಆ್ಯಪ್ ಹಾಕಿಕೊಳ್ಳಿರಿ, ಚೆನ್ನಾಗಿ ಓಡಿಸಿದರೆ ಕಂತಿನಲ್ಲಿ ರಿಯಾಯಿತಿ” ಎಂದು ಏಜೆಂಟರು ಹೇಳಿದ್ದರಂತೆ. “ಸಹಿ ಹಾಕಲೋ ಬೇಡವೋ, ನೀವೇ ಹೇಳಿರಿ” ಎಂದರು. ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ಅಂದು ನಮಗೆ ಉತ್ತರ ತೋಚಲಿಲ್ಲ. ಅನಂತರ ಓದಿ ತಿಳಿದುಕೊಂಡುದನ್ನು ಎಲ್ಲರ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇವೆ.

ರಿಯಾಯಿತಿ ಯಾವುದರ ಮೇಲೆ?

ಮೋಟಾರು ವಿಮೆಯಲ್ಲಿ ಎರಡು ಭಾಗಗಳುಂಟು. ನಮ್ಮ ಗಾಡಿಯಿಂದ ಇತರರಿಗೆ ಆದ ಅಪಾಯಕ್ಕೆ ಪರಿಹಾರ ಕೊಡುವುದು ಮೊದಲನೆಯದು. 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಇದು ಕಡ್ಡಾಯ. ಇದರ ದರವನ್ನು ಸರಕಾರವೇ ಗೊತ್ತುಮಾಡುತ್ತದೆ. ನಮ್ಮ ಗಾಡಿಗೇ ಆದ ಹಾನಿಯನ್ನು ತುಂಬಿಕೊಡುವುದು ಎರಡನೆಯದು. ಇದು ನಮ್ಮ ಇಷ್ಟಕ್ಕೆ ಬಿಟ್ಟದ್ದು, ದರ ಕಂಪನಿಯದು.

2022ರ ಜುಲೈ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಈ ಎರಡನೆಯ ಭಾಗಕ್ಕೆ ಸೇರಿಸಿಕೊಳ್ಳಬಹುದಾದ ಹೊಸ ಯೋಜನೆಗಳಿಗೆ ಅನುಮತಿ ಕೊಟ್ಟಿತು. ಓಡಿಸಿದ ಕಿಲೋಮೀಟರಿಗೆ ತಕ್ಕ ಕಂತು ಒಂದು. ಓಡಿಸುವ ರೀತಿಗೆ ತಕ್ಕ ಕಂತು ಇನ್ನೊಂದು. ಆದುದರಿಂದ ರಿಯಾಯಿತಿ ಏನಿದ್ದರೂ ಎರಡನೆಯ ಭಾಗದ ಮೇಲೆ ಮಾತ್ರ. ಒಟ್ಟು ಕಂತು 10,000 ರೂಪಾಯಿ, ಅದರಲ್ಲಿ ಸ್ವಂತ ಹಾನಿಯ ಭಾಗ 6,000 ಎಂದು ಇಟ್ಟುಕೊಳ್ಳೋಣ. ನೂರಕ್ಕೆ 10ರ ರಿಯಾಯಿತಿ ಎಂದರೆ ಉಳಿಯುವುದು 600 ರೂಪಾಯಿ, 1,000 ಅಲ್ಲ.

ಇದಲ್ಲದೆ ಹಳೆಯ ರಿಯಾಯಿತಿಯೊಂದು ಇದ್ದೇ ಇದೆ. ಒಂದು ವರ್ಷ ಪರಿಹಾರ ಕೇಳದೆ ಕಳೆದರೆ ಇದೇ ಎರಡನೆಯ ಭಾಗದಲ್ಲಿ ನೂರಕ್ಕೆ 20 ಕಡಿಮೆ; ಹೀಗೆಯೇ ಐದು ವರ್ಷ ಸಾಗಿದರೆ ನೂರಕ್ಕೆ 50. ಇದಕ್ಕೆ ಯಾವ ಯಂತ್ರವೂ ಬೇಡ. ಇದು ನಿಮ್ಮ ಕಾಗದದಲ್ಲಿ ಜಮೆಯಾಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿರಿ.

ಲೆಕ್ಕಿಗ ಬರೆದುಕೊಳ್ಳುವುದೇನು?

ಕಿಲೋಮೀಟರಿನ ಯೋಜನೆಯಲ್ಲಿ ಕೆಲವು ಕಡೆ ಗಾಡಿಯ ಮೀಟರಿನ ಚಿತ್ರ ತೆಗೆದು ಕಳಿಸಿದರೆ ಸಾಕು. ಓಡಿಸುವ ರೀತಿಯ ಯೋಜನೆಯಲ್ಲಿ ಹಾಗಲ್ಲ. ಸ್ಟಿಯರಿಂಗಿನ ಕೆಳಗೆ ಚಿಕ್ಕ ಪೆಟ್ಟಿಗೆಯೊಂದನ್ನು ಸಿಕ್ಕಿಸುತ್ತಾರೆ. ಇಲ್ಲವೆ ನಮ್ಮ ಮೊಬೈಲೇ ಆ ಕೆಲಸ ಮಾಡುತ್ತದೆ. ವೇಗ, ಗಕ್ಕನೆ ಹಾಕಿದ ಬ್ರೇಕು, ಗಾಡಿ ಹೊರಟ ಹೊತ್ತು, ಓಡಿಸುತ್ತಾ ಫೋನು ಮುಟ್ಟಿದ್ದು, ಹಲವು ಯೋಜನೆಗಳಲ್ಲಿ ಗಾಡಿ ಇದ್ದ ಸ್ಥಳ, ಇವೆಲ್ಲ ದಾಖಲಾಗಿ ಕಂಪನಿಗೆ ತಲಪುತ್ತವೆ. ಅದರಿಂದ ನಮಗೆ ಅಂಕ ಬೀಳುತ್ತದೆ.

ಇದರಲ್ಲಿ ನ್ಯಾಯವೇ ಇಲ್ಲವೆಂದಲ್ಲ. ವಾರಕ್ಕೊಮ್ಮೆ ನಿಧಾನವಾಗಿ ಓಡಿಸುವವನು ದಿನವೂ ನುಗ್ಗಿಸುವವನಷ್ಟೇ ಕಂತು ಏಕೆ ಕೊಡಬೇಕು? ಆದರೆ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ನಮಗೆ ಒಂದು ಮಾತು ಗೊತ್ತು. ಪುಸ್ತಕವು ತಡವಾದ ನಿಮಿಷಗಳನ್ನು ಹೇಳುತ್ತದೆ, ತಡವಾದ ಕಾರಣವನ್ನು ಹೇಳುವುದಿಲ್ಲ. ಕೂಸೊಂದು ಅಡ್ಡ ಓಡಿ ಬಂದಾಗ ಬ್ರೇಕು ಒತ್ತಿ ಜೀವ ಉಳಿಸಿದರೂ ಪೆಟ್ಟಿಗೆ ಬರೆಯುವುದು “ಗಕ್ಕನೆ ಬ್ರೇಕು” ಎಂದೇ. ಅಮೇರಿಕೆಯ ಹಲವು ಯೋಜನೆಗಳಲ್ಲಿ ನಡುರಾತ್ರಿಯ ಓಡಾಟಕ್ಕೆ ಅಂಕ ಕಡಿಮೆ. ಎರಡನೆಯ ಪಾಳಿ ಮುಗಿಸಿ ಮನೆಗೆ ಹೋಗುವ ನಮ್ಮ ಗೆಳೆಯರು ಎಷ್ಟು ಜಾಗ್ರತೆಯಿಂದ ಓಡಿಸಿದರೇನು? ಅಂಥ ಲೆಕ್ಕದಲ್ಲಿ ಅವರ ಪಾಳಿಯೇ ತಪ್ಪಾಗುತ್ತದೆ.

ಗುಟ್ಟಿನ ಮಾತು

ಆಸ್ಪತ್ರೆ, ಗುಡಿ, ಯೂನಿಯನ್ನಿನ ಸಭೆ, ಬೇರೆ ಕೆಲಸ ಕೇಳಲು ಹೋದ ಆಫೀಸು, ಗಾಡಿ ಎಲ್ಲೆಲ್ಲಿ ನಿಂತಿತೆಂಬುದು ತಿಳಿದರೆ ಮನುಷ್ಯನ ಜೀವನವೇ ತಿಳಿದಂತೆ. “ಸ್ಥಳವನ್ನು ನಾವು ಬರೆದುಕೊಳ್ಳುವುದಿಲ್ಲ, ವೇಗ ಮಾತ್ರ” ಎಂದರೂ ಪೂರ್ತಿ ನಂಬುವ ಹಾಗಿಲ್ಲ. ಅಮೇರಿಕೆಯ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹೊರಟ ಸ್ಥಳ ಮತ್ತು ವೇಗದ ದಾಖಲೆ ಎರಡನ್ನೇ ಇಟ್ಟುಕೊಂಡು ಗಾಡಿ ಹೋದ ದಾರಿಯನ್ನು ನಕ್ಷೆಯಲ್ಲಿ ಹುಡುಕಿದರು. 2014ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ, ನಾಲ್ಕರಲ್ಲಿ ಸುಮಾರು ಒಂದು ಪ್ರಯಾಣದ ಕೊನೆಯ ಸ್ಥಳವು ಅರ್ಧ ಕಿಲೋಮೀಟರಿನೊಳಗೆ ಸಿಕ್ಕಿತು.

ಇದಕ್ಕಿಂತ ದೊಡ್ಡ ಪಾಠ ಜನರಲ್ ಮೋಟರ್ಸ್ ಕಂಪನಿಯ ಪ್ರಕರಣ. ಅದರ ಕಾರುಗಳಲ್ಲಿ ಚಾಲನೆಯನ್ನು ತಿದ್ದಿಕೊಳ್ಳಲು ನೆರವಾಗುವ ಸೌಕರ್ಯವೆಂದು ಒಂದನ್ನು ಕೊಡುತ್ತಿದ್ದರು. ಆ ದಾಖಲೆಯು ಲೆಕ್ಸಿಸ್‌ನೆಕ್ಸಿಸ್ ಮೊದಲಾದ ಮಾಹಿತಿ ವ್ಯಾಪಾರಿಗಳಿಗೂ, ಅಲ್ಲಿಂದ ವಿಮಾ ಕಂಪನಿಗಳಿಗೂ ಹೋಗುತ್ತಿತ್ತೆಂದು 2024ರ ಮಾರ್ಚಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಬಯಲು ಮಾಡಿತು. ಕಂತು ಏಕೆ ಏರಿತೆಂದು ಕೇಳಿದ ಒಬ್ಬ ಚಾಲಕರಿಗೆ ಅವರ ಮೇಲಿನ ವರದಿ 258 ಪುಟಗಳಷ್ಟು ಬಂದಿತು! ಕೆಲವು ದಾಖಲೆಗಳನ್ನು ಮೂರು ಸೆಕೆಂಡಿಗೊಮ್ಮೆ ತೆಗೆದುಕೊಂಡಿದ್ದರೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆಪಾದಿಸಿತು. ಇಂಥ ವ್ಯಾಪಾರಿಗಳಿಗೆ ಐದು ವರ್ಷ ಈ ಮಾಹಿತಿ ಕೊಡಕೂಡದೆಂಬ ಷರತ್ತಿನ ಮೇಲೆ ಪ್ರಕರಣ ಇತ್ಯರ್ಥವಾಯಿತು. ಒಂದು ಕೆಲಸಕ್ಕೆಂದು ಕೊಟ್ಟ ದಾಖಲೆ ಇನ್ನೊಂದು ಕೆಲಸಕ್ಕೆ ಹೋಗುವುದೇ ಇಲ್ಲಿರುವ ಅಪಾಯ.

ನಮ್ಮಲ್ಲಿ ಕಾನೂನು

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಅನಂತರ 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಯ ಕಾಯಿದೆ ಬಂದಿತು. ಅದರ ಮೇರೆಗೆ ಯಾವ ಮಾಹಿತಿ, ಯಾವ ಕೆಲಸಕ್ಕೆ ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು. ಕೊಟ್ಟ ಒಪ್ಪಿಗೆಯನ್ನು ನಾವು ಹಿಂದೆಗೆದುಕೊಳ್ಳಬಹುದು. ಹೊರನಾಡಿನಲ್ಲಿರುವ ನಮಗೆ ಮುಖ್ಯವಾದ ಕಲಮು ಇನ್ನೊಂದಿದೆ. ಆ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಪಡೆಯಲು ಅವಕಾಶ ಕೊಡತಕ್ಕದ್ದು. ಕನ್ನಡವೂ ಅದರಲ್ಲಿದೆ. 2025ರ ನವೆಂಬರಿನಲ್ಲಿ ಹೊರಟ ನಿಯಮಗಳಂತೆ ಮುಖ್ಯ ಕಲಮುಗಳು ಜಾರಿಗೆ ಬರಲು 18 ತಿಂಗಳ ಅವಧಿ ಇಟ್ಟಿದ್ದಾರೆ. ಆದರೂ ಕನ್ನಡದಲ್ಲಿ ಕೊಡಿರೆಂದು ಇಂದೇ ಕೇಳಲು ಅಡ್ಡಿಯೇನಿಲ್ಲ.

ಸಹಿಗೆ ಮುಂಚೆ ಇಷ್ಟನ್ನು ಕೇಳಿರಿ: ಮೀಟರಿನ ಓದು ಮಾತ್ರ ಸಾಕೇ, ಸ್ಥಳವೂ ಬೇಕೇ? ದಾಖಲೆಯನ್ನು ಬೇರೆ ಯಾರಿಗೆ ಕೊಡುತ್ತೀರಿ? ಎಷ್ಟು ದಿನ ಇಡುತ್ತೀರಿ? ಅಂಕ ಕಡಿಮೆಯಾದರೆ ಕಂತು ಏರುವುದೇ? ನಡುವೆ ಬಿಟ್ಟರೆ ಏನಾಗುತ್ತದೆ? ಬಾಯಿಮಾತು ಸಾಲದು, ಉತ್ತರ ಬರಹದಲ್ಲಿರಲಿ. ಮುಂದೆ ತಕರಾರು ಬಂದರೆ ಮೊದಲು ಕಂಪನಿಗೆ ಬರೆದು, ಪರಿಹಾರ ಸಿಗದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಅವರ ಕಚೇರಿಗಳಿವೆ.

ಯೋಜನೆಗೆ ಸೇರಲೇಬೇಡಿರೆಂದು ನಾವು ಹೇಳುವುದಿಲ್ಲ. ಉಳಿಯುವ ಹಣವೆಷ್ಟು, ಅದಕ್ಕಾಗಿ ಕೊಡುವುದೇನು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿರಿ ಎನ್ನುತ್ತೇವೆ. ನಮ್ಮ ಗೆಳೆಯರು ಹಾಗೆ ಬರೆದು ನೋಡಿದರು. ಸಹಿ ಹಾಕಲಿಲ್ಲ. ಮೀಟರಿನ ಓದಿನ ಮೇಲೆ ನಡೆಯುವ ಯೋಜನೆ ಇದೆಯೇ ಎಂದು ಏಜೆಂಟರನ್ನು ಕೇಳಿದ್ದಾರೆ. ಉತ್ತರ ಇನ್ನೂ ಬರಬೇಕಾಗಿದೆ.

ಇಂಥ ಕಾಗದ ಓದಿಸಿಕೊಳ್ಳಬೇಕಾದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬರಬೇಕಾಗಿ ವಿನಂತಿ. ತಿಳಿದಷ್ಟನ್ನು ಓದಿ ಹೇಳುತ್ತೇವೆ.