ಗುಳೆ ಹೋದವರನ್ನು ಎಲ್ಲಿ ಹುಡುಕುವುದು?

ಮಳೆ ಕೈಕೊಟ್ಟ ವರ್ಷ ದೀಪಾವಳಿ ಕಳೆಯುತ್ತಿದ್ದಂತೆ ರಾಯಚೂರು, ಯಾದಗಿರಿ, ಕೊಪ್ಪಳದ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಮುದುಕರನ್ನು ಬಿಟ್ಟು ಉಳಿದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗೋವಾಕ್ಕೋ ಗಂಟುಮೂಟೆ ಕಟ್ಟುತ್ತಾರೆ. ಮುಂಗಾರಿನ ಹೊತ್ತಿಗೆ ಮತ್ತೆ ಊರು. ಇದೇ ಗುಳೆ.

2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರಿದ್ದರು. ದೊಡ್ಡ ಅಂಕಿಯೇ. ಆದರೆ ಗುಳೆ ಹೋದವರು ಅದರಲ್ಲಿ ಸಿಗುವುದು ಕಷ್ಟ. ಆ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಗುಳೆಯ ನಟ್ಟನಡುವೆ. ಆ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಇದ್ದ ಜಾಗದಲ್ಲೇ ಎಣಿಸಬೇಕೆಂಬುದು ನಿಯಮ. ಇದ್ದ ಜಾಗವೆಂದರೆ ಕಟ್ಟಡದ ಹಿಂದಿನ ತಗಡಿನ ಶೆಡ್ಡು. ಅದು ಕಣ್ತಪ್ಪಿದರೆ ಮನುಷ್ಯ ಎರಡೂ ಕಡೆ ಲೆಕ್ಕದಿಂದ ಬಿದ್ದುಹೋಗುತ್ತಾನೆ. ವಲಸೆಗೆ ಒಂದೇ ಕಾರಣ ಬರೆದುಕೊಳ್ಳುವುದರಿಂದ ಮದುವೆಯಾಗಿ ಬಂದು ಇಟ್ಟಿಗೆ ಹೊರುವ ಹೆಂಗಸು ‘ಮದುವೆ’ಯ ಸಾಲಿಗೆ ಸೇರುತ್ತಾಳೆ, ಅವಳ ದುಡಿಮೆ ಕಾಣುವುದೇ ಇಲ್ಲ.

2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಒಂದು ತಿಂಗಳಿಂದ ಆರು ತಿಂಗಳೊಳಗೆ ಕೆಲಸಕ್ಕೆಂದು ಹೋದವರನ್ನು ಬೇರೆಯಾಗಿ ಕೇಳಿತು. ಒಳ್ಳೆಯ ಹೆಜ್ಜೆ, ಆದರೆ ಬೀಗ ಹಾಕಿದ ಮನೆಯಲ್ಲಿ ಉತ್ತರ ಕೊಡುವವರು ಯಾರು? 2016-17ರ ಆರ್ಥಿಕ ಸಮೀಕ್ಷೆ ರೈಲಿನ ಕಾಯ್ದಿರಿಸದ ಟಿಕೆಟ್ಟುಗಳನ್ನು ಲೆಕ್ಕಹಾಕಿ, ರಾಜ್ಯದಿಂದ ರಾಜ್ಯಕ್ಕೆ ವರ್ಷಕ್ಕೆ ಸುಮಾರು 90 ಲಕ್ಷ ಜನ ಹೋಗುತ್ತಾರೆಂದಿತು. ಜಾಣತನದ ದಾರಿ ಅದು. ಆದರೆ ರಾಯಚೂರಿನಿಂದ ಬೆಂಗಳೂರಿಗೆ ಬಂದವರು ರಾಜ್ಯದ ಗಡಿಯನ್ನೇ ದಾಟಿರುವುದಿಲ್ಲ.

ಹಾಗಾಗಿ ಸಂಶೋಧಕರು ಶೆಡ್ಡಿಗೇ ಹೋಗಬೇಕು. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1960ರ ದಶಕದಲ್ಲಿ ದಕ್ಷಿಣ ಗುಜರಾತಿನ ಕೂಲಿಕಾರರ ನಡುವೆ ಕೆಲಸ ಶುರುಮಾಡಿ ದಶಕಗಳ ಕಾಲ ಮತ್ತೆ ಮತ್ತೆ ಅಲ್ಲಿಗೆ ಮರಳಿದರು. ಅಷ್ಟು ತಾಳ್ಮೆ ಬೇಡುವ ಕೆಲಸವಿದು. ಒಂದು ಮಧ್ಯಾಹ್ನ ಹೋಗಿ, ಮೇಸ್ತ್ರಿ ಪಕ್ಕದಲ್ಲೇ ನಿಂತಿರುವಾಗ ‘ಮುಂಗಡ ಎಷ್ಟು ತಗೊಂಡೀರಿ?’ ಎಂದು ಕೇಳಿದರೆ ಆಳು ಮೊದಲು ಮೇಸ್ತ್ರಿಯ ಮುಖ ನೋಡುತ್ತಾನೆ. ‘ಎಲ್ಲಾ ಚೊಲೋ ಐತ್ರಿ’ ಅನ್ನುತ್ತಾನೆ. ಆ ಉತ್ತರ ಸುಳ್ಳು. ನಿಜ ಹೇಳಿದ್ದರೆ ನಾಳೆಯ ಕೆಲಸ ಹೋಗುತ್ತಿತ್ತು. ವಿಧಾನ ಬೇರೆ, ನೀತಿ ಬೇರೆ ಎಂದು ಪಠ್ಯಪುಸ್ತಕಗಳು ಎರಡು ಅಧ್ಯಾಯ ಮಾಡುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ಅವೆರಡೂ ಒಂದೇ ಪ್ರಶ್ನೆ: ಯಾರ ಎದುರು ಕೇಳಿದಿರಿ?

ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದವರಿಗೆ ಸಂಶೋಧಕರ ಒಪ್ಪಿಗೆ ಪತ್ರವೂ ಇನ್ನೊಂದು ಸಾಲದ ಕಾಗದದಂತೆಯೇ ಕಾಣುತ್ತದೆ. ಅಂಥವರಿಗೆ ಓದಿ ಹೇಳಿ, ಬಾಯಿಮಾತಿನ ಒಪ್ಪಿಗೆ ಪಡೆಯುವುದೇ ಸರಿ. ‘ಒಲ್ಲೆ’ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಕೂಲಿಯ ಹೊತ್ತನ್ನು ಕದಿಯಬಾರದು. ಹೆಸರು ತೆಗೆದುಹಾಕಿ ಊರು, ಕಟ್ಟಡ, ಜಾತಿ ಮೂರನ್ನೂ ಬರೆದರೆ ಗುತ್ತೇದಾರನಿಗೆ ಆಳನ್ನು ಗುರುತಿಸಲು ಅಷ್ಟೇ ಸಾಕು.

ಲೆಕ್ಕ ತಪ್ಪಿದರೆ ಏನಾಗುತ್ತದೆಂದು 2020ರಲ್ಲಿ ಕಂಡಿದ್ದೇವೆ. ಲಾಕ್‌ಡೌನಿನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರೆಂಬ ಮಾಹಿತಿ ತನ್ನ ಬಳಿ ಇಲ್ಲವೆಂದು ಕೇಂದ್ರ ಸರ್ಕಾರ ಆ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ತಿಳಿಸಿತು.

ಮುಂದಿನ ಜನಗಣತಿಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಅದೂ ಗುಳೆಯ ಕಾಲವೇ. ಎಣಿಕೆಯವರು ನಿಮ್ಮ ಮನೆಗೆ ಬಂದಾಗ, ಪಕ್ಕದ ಕಟ್ಟಡದ ಹಿಂದಿರುವ ಶೆಡ್ಡುಗಳನ್ನೂ ದಯವಿಟ್ಟು ತೋರಿಸಿ.